ಮಲೆನಾಡಿನ ಮುಖಗಳು, ಮಂದ ಬೆಳಕು

ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿ ಬಂದವರ ಆಲ್ಬಮ್ ತೆರೆದು ನೋಡಿ. ಸಿಗುವುದು ಹೆಚ್ಚಾಗಿ ಇಷ್ಟು: ಜೋಗದ ನಾಲ್ಕು ಕವಲು, ಇಕ್ಕೇರಿಯ ಅಘೋರೇಶ್ವರ ದೇವಾಲಯ, ನಗರದ ಕೋಟೆ, ಕೊಡಚಾದ್ರಿಯ ನೆತ್ತಿ, ಆಗುಂಬೆಯ ಸೂರ್ಯಾಸ್ತ. ಇವುಗಳ ಮುಂದೆ ಸಾಲಾಗಿ ನಿಂತ ಮನೆಮಂದಿ. ಆದರೆ ಆ ಊರುಗಳಲ್ಲಿ ಬಾಳಿ ಬದುಕುವ ಜನರ ಮುಖಗಳೆಲ್ಲಿ? ಹುಡುಕಬೇಕು. ಅಪರೂಪಕ್ಕೆ ಒಂದೆರಡು ಸಿಕ್ಕರೂ ಅವು ಎರಡು ಬಗೆಯವು. ಒಂದು, ಕೂದಲೆಳೆ ಎಣಿಸುವಷ್ಟು ಸ್ಪಷ್ಟವಾಗಿದ್ದೂ ಸರ್ಕಾರಿ ಗುರುತಿನ ಚೀಟಿಯ ಚಿತ್ರದಂತೆ ಬಿಗಿದ ಮುಖ. ಇನ್ನೊಂದು, ಕೈ ಅಲುಗಿ ತುಸು ಮಸುಕಾಗಿದ್ದರೂ ನೋಡಿದವರು ತಾವೂ ನಗುವಂಥ ಮುಖ. ಇವುಗಳಲ್ಲಿ ಯಾವುದು ಒಳ್ಳೆಯ ಛಾಯಾಚಿತ್ರ ಎಂಬ ಜಗಳ ಕ್ಯಾಮೆರಾದಷ್ಟೇ ಹಳೆಯದು.

ಸಾಗರ ಪೇಟೆಯಿಂದಲೇ ಹೊರಡೋಣ. ಇಲ್ಲಿನ ಗುಡಿಗಾರ ಮನೆತನಗಳು ಶ್ರೀಗಂಧದ ಕೆತ್ತನೆಗೆ ಹೆಸರಾದವು. ಕಿಟಕಿಯ ಪಕ್ಕ ಕುಳಿತು ಅಂಗೈಯಗಲದ ಗಂಧದ ತುಂಡಿನಲ್ಲಿ ಬಳ್ಳಿ ಬಿಡಿಸುತ್ತಿರುವ ಕುಶಲಕರ್ಮಿಯೊಬ್ಬನನ್ನು ಊಹಿಸಿಕೊಳ್ಳಿ. ಬೆಳಕು ಒಂದೇ ಬದಿಯಿಂದ ಬೀಳುತ್ತದೆ. ಹಣೆಯ ಗೆರೆ, ಬೆರಳಿನ ಗಂಟು, ಬಿಗಿಹಿಡಿದ ತುಟಿ ಎಲ್ಲವೂ ತಾವಾಗಿಯೇ ಎದ್ದು ಕಾಣುತ್ತವೆ. ಅಷ್ಟರಲ್ಲಿ ಪ್ರವಾಸಿಗ "ಸ್ವಲ್ಪ ಈ ಕಡೆ ನೋಡಿ ಯಜಮಾನರೇ" ಎನ್ನುತ್ತಾನೆ. ಉಳಿ ನಿಲ್ಲುತ್ತದೆ, ಬೆನ್ನು ನೆಟ್ಟಗಾಗುತ್ತದೆ, ತುಟಿಯ ಮೇಲೊಂದು ಸಾಲದ ನಗು ಬರುತ್ತದೆ. ಫೋಕಸ್ ಸರಿಯಾಗಿದೆ, ಬೆಳಕೂ ಸರಿಯಾಗಿದೆ. ಕೆತ್ತುವವನು ಮಾತ್ರ ಚಿತ್ರದಿಂದ ಎದ್ದು ಹೋಗಿದ್ದಾನೆ.

ಇದಕ್ಕೆ ಶರೀರಶಾಸ್ತ್ರದಲ್ಲಿ ಕಾರಣವಿದೆ. ಡುಷೆನ್ ಎಂಬ ಫ್ರೆಂಚ್ ವೈದ್ಯ ಮುಖದ ಸ್ನಾಯುಗಳಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ, ಆಗ ಮೂಡಿದ ಭಾವಗಳನ್ನು ಫೋಟೋ ತೆಗೆಸಿ 1862ರಲ್ಲಿ ಪುಸ್ತಕ ಪ್ರಕಟಿಸಿದ. ತುಟಿಯ ಅಂಚನ್ನು ಮೇಲಕ್ಕೆಳೆಯುವ ಸ್ನಾಯು ನಮ್ಮ ಮಾತು ಕೇಳುತ್ತದೆ. ಕಣ್ಣಿನ ಸುತ್ತ ಸುಕ್ಕು ಮೂಡಿಸುವ ಸ್ನಾಯು ಅಷ್ಟು ಸುಲಭವಾಗಿ ಕೇಳುವುದಿಲ್ಲ, ಮನಸ್ಸಿಗೆ ನಿಜವಾದ ಸಂತೋಷವಾದಾಗ ತಾನಾಗಿಯೇ ಸಂಕೋಚಗೊಳ್ಳುತ್ತದೆ ಎಂಬುದು ಅವನು ಕಂಡುಕೊಂಡ ಸಂಗತಿ. "ನಗಿ, ನಗಿ" ಎಂದು ಹೇಳಿ ತೆಗೆದ ಚಿತ್ರದಲ್ಲಿ ಬಾಯಿ ನಗುತ್ತದೆ, ಕಣ್ಣು ಕಾಯುತ್ತಿರುತ್ತದೆ. ನೋಡುವವನಿಗೆ ಡುಷೆನ್ ಗೊತ್ತಿರಬೇಕಾಗಿಲ್ಲ, ವ್ಯತ್ಯಾಸ ಹೇಗೋ ತಿಳಿದುಬಿಡುತ್ತದೆ.

ಹಾಗಾದರೆ ಹೇಳದೆ ಕೇಳದೆ ಸಹಜ ಭಂಗಿಯಲ್ಲೇ ಹಿಡಿದುಬಿಡಬಹುದಲ್ಲ ಎನ್ನುವವರು ಹೊಸನಗರದ ಕಡೆಯ ಅಡಿಕೆ ಮನೆಯೊಂದರಲ್ಲಿ ಪ್ರಯತ್ನಿಸಿ ನೋಡಲಿ. ಕೊಯ್ಲಿನ ಕಾಲ. ಜಗುಲಿಯಲ್ಲೋ ಅಂಗಳದ ಚಪ್ಪರದ ಕೆಳಗೋ ಹತ್ತಾರು ಮಂದಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿರುತ್ತಾರೆ. ಕೈಗಿಂತ ಬಾಯಿ ಜೋರು. ಯಾರ ಮನೆಯ ಮದುವೆ, ಯಾವ ಮೇಳದ ಆಟ, ಯಾರ ದನ ಯಾರ ತೋಟಕ್ಕೆ ನುಗ್ಗಿತು, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತದೆ. ಭಾವಕ್ಕೆ ಬರವೇ ಇಲ್ಲ. ಬರ ಇರುವುದು ಬೆಳಕಿಗೆ.

ಒಂದು ಸಣ್ಣ ಲೆಕ್ಕ ಹಾಕೋಣ, ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ನಡುಹಗಲ ಬಿಸಿಲಿಗೂ ದೀಪ ಹಚ್ಚಿದ ಮನೆಯೊಳಗಿನ ಬೆಳಕಿಗೂ ಸುಮಾರು ಹತ್ತು ಸ್ಟಾಪ್‌ಗಳ ಅಂತರ. ಒಂದು ಸ್ಟಾಪ್ ಎಂದರೆ ಎರಡು ಪಟ್ಟು, ಹತ್ತು ಸ್ಟಾಪ್ ಎಂದರೆ ಎರಡರ ಹತ್ತನೆಯ ಘಾತ, ಅಂದರೆ 1024 ಪಟ್ಟು! ಐಎಸ್ಒ 400ರ ಫಿಲ್ಮ್ ಹಾಕಿ, ಮಸೂರದ ರಂಧ್ರವನ್ನು ಎಫ್ 2.8ಕ್ಕೆ ತೆರೆದರೂ ಇಂಥ ಬೆಳಕಿನಲ್ಲಿ ಷಟರ್ ಸೆಕೆಂಡಿನ 15ನೆಯ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕಾಗುತ್ತಿತ್ತು. ಅಡಿಕೆ ಸುಲಿಯುತ್ತ ನಗುವ ಹೆಂಗಸಿನ ತಲೆ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಚಲಿಸಿದರೂ ಅಷ್ಟರಲ್ಲಿ ಸುಮಾರು ಏಳು ಮಿಲಿಮೀಟರ್ ಸರಿದಿರುತ್ತದೆ. ಮನುಷ್ಯನ ಕಣ್ಣಿನ ಬಣ್ಣದ ವೃತ್ತದ ವ್ಯಾಸ ಸುಮಾರು 12 ಮಿಲಿಮೀಟರ್. ಅಂದರೆ ಕಣ್ಣು ತನ್ನ ಅರ್ಧಕ್ಕಿಂತ ಹೆಚ್ಚು ಅಗಲ ಕದಲಿಹೋಯಿತು! ಈಗಿನ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್ಒ 1600 ಇಟ್ಟರೆ ಅದೇ ಚಿತ್ರ ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ಮುಗಿಯುತ್ತದೆ, ಕದಲಿಕೆ ಎರಡು ಮಿಲಿಮೀಟರಿಗೂ ಕಡಿಮೆ. ಚಿತ್ರದಲ್ಲಿ ಒಂದಿಷ್ಟು ರವೆಯಂಥ ಕಣಗಳು ಕಾಣಿಸಿಕೊಳ್ಳಬಹುದು, ಅಷ್ಟೇ.

ಫ್ಲ್ಯಾಷ್ ಹಾಕಿದರೆ ಈ ತೊಂದರೆಯೇ ಇಲ್ಲ. ಆದರೆ ಫ್ಲ್ಯಾಷ್ ಬೆಳಗಿದ ಮರುಕ್ಷಣ ಮಾತು ನಿಲ್ಲುತ್ತದೆ, ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತಾರೆ, ಹಿಂದಿನ ಕತ್ತಲು ಇದ್ದಲಿನಂತೆ ಕಪ್ಪಾಗುತ್ತದೆ. ಚಿತ್ರ ಚೊಕ್ಕ, ಜಗುಲಿ ಮಾಯ.

ಪರಿಪೂರ್ಣತೆಯ ಹಂಬಲ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ತೆಗೆದ 'ವಲಸೆ ತಾಯಿ' ಚಿತ್ರ ಸಾಕ್ಷಿ. ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು, ಎಲ್ಲೋ ನೋಡುತ್ತಿರುವ ತಾಯಿ. ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದು ಮಸುಕಾಗಿ ಇಣುಕುತ್ತಿತ್ತು. ಲ್ಯಾಂಗ್‌ಗೆ ಅದೊಂದು ಕಲೆಯಂತೆ ಕಂಡಿತು. ಕೆಲವು ವರ್ಷಗಳ ಬಳಿಕ ನೆಗೆಟಿವ್‌ನಲ್ಲೇ ಆ ಹೆಬ್ಬೆರಳನ್ನು ಅಳಿಸಿಹಾಕಿಸಿದರು. ಅವರ ಮೇಲಧಿಕಾರಿಗೆ ಇದು ಸರಿಬರಲಿಲ್ಲ. ಹೆಬ್ಬೆರಳಿದ್ದ ಪ್ರತಿ, ಇಲ್ಲದ ಪ್ರತಿ ಎರಡೂ ಇಂದು ಉಳಿದಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ತಾಯಿಯ ಕಣ್ಣಿನಲ್ಲಿ ಏನೂ ಹೆಚ್ಚು ಕಡಿಮೆಯಾಗಿಲ್ಲ.

ಆದರೆ ಆ ಚಿತ್ರಕ್ಕೆ ಇನ್ನೊಂದು ಮುಖವುಂಟು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಕೂಲಿ ಮಹಿಳೆ. ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ. ಲೋಕಪ್ರಸಿದ್ಧವಾದ ಆ ಚಿತ್ರದಿಂದ ಆಕೆಗೆ ಬಿಡಿಗಾಸೂ ದಕ್ಕಲಿಲ್ಲ, ಅದರ ಬಗ್ಗೆ ಆಕೆಗೆ ಬೇಸರವೇ ಇತ್ತು. ಭಾವ, ಭಾವ ಎಂದು ಜಪಿಸುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಬಡತನ, ಕಣ್ಣೀರು, ಹರಿದ ಅಂಗಿಯ ಮಗು, ಇವುಗಳಿಂದ ನೋಡುಗನ ಮನ ಕರಗಿಸುವುದು ಬಹಳ ಸುಲಭದ ದಾರಿ. ಫೋಕಸ್ ಕಲಿಯುವುದಕ್ಕಿಂತಲೂ ಸುಲಭ.

ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಈ ಸುಲಭದ ದಾರಿ ಹಿಡಿದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಾಗಿ ಹಳ್ಳಿಹಳ್ಳಿ ಅಲೆದು ರೋಗಿಗಳನ್ನು, ಮಕ್ಕಳನ್ನು, ದುಡಿಯುವವರನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯಲ್ಲೇ ನಡೆಯಿತು. ಆ ಕಪ್ಪು-ಬಿಳುಪು ಚಿತ್ರಗಳಲ್ಲಿ ಬಡವರಿದ್ದಾರೆ, ದೈನ್ಯವಿಲ್ಲ.

ಸಾಗರದಿಂದ ಕೂಗಳತೆಯ ಹೆಗ್ಗೋಡಿನ ಜನಕ್ಕೂ ಈ ಚರ್ಚೆ ಹೊಸದಲ್ಲ. ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿತು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯ (1955) ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೆ ಮೊದಲು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷದ 'ಅಪರಾಜಿತೋ'ದಲ್ಲಿ ಬಿಳಿಬಟ್ಟೆಯಿಂದ ಬೆಳಕನ್ನು ಪುಟಿಸಿ ಮುಖದ ಮೇಲೆ ಮೆದುವಾಗಿ ಹರಡುವ ವಿಧಾನ ರೂಪಿಸಿದರು. ಅಜಾಗ್ರತೆಯಿಂದ ಚಿತ್ರ ಕೆಡಿಸಿ "ಇದರಲ್ಲಿ ಫೀಲಿಂಗ್ ಇದೆ ಸಾರ್" ಎನ್ನುವ ಕಾಲೇಜು ಹುಡುಗರು ಇದನ್ನು ಗಮನಿಸುವುದು ಒಳಿತು.

ಸ್ಪರ್ಧೆಗಳ ಲೋಕದಲ್ಲಿ ಇನ್ನೊಂದು ವಿಚಿತ್ರ. ತೀರ್ಪುಗಾರರ ಮುಂದೆ ಒಂದು ಚಿತ್ರ ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ತಾಂತ್ರಿಕ ದೋಷವೇ. ಹಾಗಾಗಿ ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸಿ, ಸುಕ್ಕುಗಟ್ಟಿದ ಮುದಿ ಮುಖವೊಂದನ್ನು ಚೌಕಟ್ಟು ತುಂಬ ತುಂಬಿಸುವ ಚಾಳಿ ಬೆಳೆಯಿತು. ಆದರೆ ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿಯ 'ಪ್ರವಾಸ' ವಿಭಾಗದ ನಿಯಮವೇ ಬೇರೆ ಹೇಳುತ್ತದೆ: ಹತ್ತಿರದಿಂದ ತೆಗೆದ ಮುಖವಾದರೂ ಸುತ್ತಲಿನ ಪರಿಸರದ ಸುಳಿವು ಅದರಲ್ಲಿರಬೇಕು. ಒಳ್ಳೆಯ ನಿಯಮ. ಹಿಂದಿನ ಅಡಿಕೆ ದಬ್ಬೆ, ಮಣ್ಣಿನ ಗೋಡೆ, ಕಂಬಳಿ ಕೊಪ್ಪೆ ಎಲ್ಲ ಕರಗಿಹೋದರೆ ಆ ಅಜ್ಜಿ ಹುಂಚದವಳೋ ಹರಿಯಾಣದವಳೋ ಹೇಳುವವರಾರು?

ಶರಾವತಿ ಹಿನ್ನೀರಿನ ಕಡೆಗೆ ಬಂದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿದವು. ಎದ್ದು ಹೋದ ಮನೆತನವೊಂದರಲ್ಲಿ ಮುಳುಗಿದ ಮನೆಯ ಜಗುಲಿಯೂ, ಅದರ ಮೇಲೆ ಕುಳಿತ ಅಜ್ಜನೂ ಇರುವ ಮಸುಕು ಫೋಟೋ ಉಳಿದಿದ್ದರೆ ಅದಕ್ಕೆ ಯಾವ ತೀರ್ಪುಗಾರ ಎಷ್ಟು ಅಂಕ ಕೊಟ್ಟಾನು? ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ದಾಟುತ್ತಿದ್ದ ಕಾಲವೂ ಈಗ ನೆನಪು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸರದಿಗಾಗಿ ದಡದಲ್ಲಿ ಕಾದು ಕುಳಿತ ತುಮರಿ ಕಡೆಯ ಜನ, ಬಸ್ಸಿನ ಪಕ್ಕ ರೇಲಿಂಗಿಗೆ ಆನಿಸಿ ನಿಂತು ನೀರು ನೋಡುತ್ತಿದ್ದ ಶಾಲಾ ಮಕ್ಕಳು, ಈ ಮುಖಗಳನ್ನು ಆಗ ಮೊಬೈಲಿನಲ್ಲಿ ಹೇಗೆಹೇಗೋ ಹಿಡಿದವರ ಬಳಿ ಈಗ ಒಂದು ಇತಿಹಾಸವೇ ಇದೆ. ಮತ್ತೆ ತೆಗೆಯುತ್ತೇನೆಂದರೆ ಆಗದು.

ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಸಂಜೆ ಅಲ್ಲಿ ನೂರು ಕ್ಯಾಮೆರಾ ಪಡುವಣಕ್ಕೇ ಮುಖ ಮಾಡಿರುತ್ತವೆ. ಒಮ್ಮೆ ಹಿಂತಿರುಗಿ ನೋಡಬಾರದೇ! ಸೂರ್ಯನ ಕೆಂಬೆಳಕು ನೇರ ಬಿದ್ದಿರುವುದು ನೋಡುವವರ ಮುಖಗಳ ಮೇಲೆ. ಬಾಯಿ ತೆರೆದ ಮಗು, ಮಗಳ ಭುಜ ಹಿಡಿದ ತಂದೆ, ಮೋಡ ಅಡ್ಡ ಬಂದಾಗ ಎಲ್ಲರೂ ಒಟ್ಟಿಗೆ ಬಿಡುವ ನಿಟ್ಟುಸಿರು. ಸೂರ್ಯ ದಿನವೂ ಮುಳುಗುತ್ತಾನೆ, ಈ ಮುಖಗಳು ನಾಳೆ ಅಲ್ಲಿರುವುದಿಲ್ಲ. ಬೆಳಕು ನಿಮಿಷ ನಿಮಿಷಕ್ಕೂ ಇಳಿಯುವುದರಿಂದ ಷಟರ್, ರಂಧ್ರ, ಐಎಸ್ಒ ಮೂರೂ ಮಗ್ಗಿಯಂತೆ ಬಾಯಿಪಾಠವಾಗಿರಬೇಕು. ಕ್ಯಾಮೆರಾ ನೋಡುತ್ತ ಕುಳಿತವನಿಗೆ ಮುಖ ತಪ್ಪುತ್ತದೆ.

ಇನ್ನು ಅನುಮತಿಯ ವಿಚಾರ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಗೆ ಇಳಿದು ಮೀಯುವವರತ್ತ ದೂರದ ಮಸೂರ ತಿರುಗಿಸುವುದು ಸಹಜ ಚಿತ್ರಣವಲ್ಲ, ಅಸಭ್ಯತೆ. ಅಪರಿಚಿತರ ಮಕ್ಕಳ ಚಿತ್ರ ತೆಗೆಯುವ ಮುನ್ನ ಹೆತ್ತವರನ್ನು ಕೇಳಬೇಕು, ಮಕ್ಕಳ ಕೈಗೆ ಮೊಬೈಲ್ ಕೊಡುವ ತಂದೆತಾಯಿ ಇದನ್ನೂ ಹೇಳಿಕೊಡಬೇಕು. ಕೇಳಿದರೆ ಸಹಜತೆ ಕೆಡುತ್ತದೆ ಎಂಬುದು ಅರ್ಧ ನಿಜ. "ಅಜ್ಜೀ, ಒಂದು ಫೋಟೋ ತೆಗೀಲಾ?" ಎಂದರೆ "ಅಯ್ಯೋ, ಈ ಅವತಾರದಲ್ಲಾ? ತಡಿ ಮಾರಾಯ, ಸೀರೆ ಬದಲಾಯಿಸ್ಕೊಂಡು ಬರ್ತೀನಿ" ಎಂದು ಒಳಗೆ ಹೋಗುವವರೇ ಹೆಚ್ಚು. ಹೋಗಲಿ. ಸೀರೆ ಬದಲಿಸಿ, ಕುಂಕುಮ ಸರಿಮಾಡಿಕೊಂಡು, ನೆಟ್ಟಗೆ ನಿಂತದ್ದನ್ನೂ ಒಂದು ತೆಗೆಯಬೇಕು. ಅದು ಆಕೆಗೆ ಬೇಕಾದ ಚಿತ್ರ. ಕ್ಯಾಮೆರಾ ಕೆಳಗಿಳಿಸಿ, ಕೊಟ್ಟ ಕಾಫಿ ಕುಡಿದು, ಮಳೆ, ಬೆಳೆ, ಮೊಮ್ಮಕ್ಕಳ ಮಾತಾಡಿ ಕಾಲು ಗಂಟೆ ಕಳೆದ ಮೇಲೆ ಮತ್ತೊಂದು ತೆಗೆಯಬಹುದು. ಎರಡರ ಪ್ರತಿಯನ್ನೂ ಅಂಚೆಯಲ್ಲಿ ಕಳಿಸಬೇಕು. ಮಲೆನಾಡಿನ ಥಂಡಿಗೆ ಬರೀ ಕಾಗದದ ಪ್ರತಿ ಒಂದೇ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ಲ್ಯಾಮಿನೇಷನ್ ಮಾಡಿಸಿ ಕಳಿಸಿದರೆ ಗೋಡೆಯ ಮೇಲೆ ಬಹುಕಾಲ ಇದ್ದೀತು.