ಅರ್ಧ ಉಳಿದ ಮನೆ

ತೋಡೂರಿನ ಪುನರ್ವಸತಿ ಕಾಲೊನಿಯ ಆ ಮನೆಯಲ್ಲಿ ಅಂದು ಸಂಜೆ ದೀಪ ಹಚ್ಚುವುದನ್ನೂ ಮರೆತಿದ್ದರು. ಹತ್ತು ವರ್ಷದ ಹುಡುಗ ಬಾಗಿಲ ಮರೆಯಲ್ಲಿ ನಿಂತು ಬಿಕ್ಕುತ್ತಿದ್ದ. ನಿವೃತ್ತ ಮಾಸ್ತರರ ಅಂಗೈಯಲ್ಲಿ, ಅಂಚೆಚೀಟಿಯಷ್ಟು ಅಗಲದ, ಕ್ಯಾಮೆರಾದ ಮೆಮೊರಿ ಕಾರ್ಡೊಂದಿತ್ತು.

ಹುಡುಗ ಮಾಡಿದ ತಪ್ಪು ದೊಡ್ಡದೇನಲ್ಲ. ಶಾಲೆಯ ಮಕ್ಕಳೊಡನೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗುವ ಸಂಭ್ರಮದಲ್ಲಿ, ಹಳೆಯ ಚಿತ್ರಗಳೇಕೆಂದು ಎಲ್ಲವನ್ನೂ ಅಳಿಸಿ, 14 ಹೊಸ ಚಿತ್ರ ತೆಗೆದುಕೊಂಡು ಬಂದಿದ್ದ. ಆದರೆ ಅಳಿಸಿಹೋದ 61 ಚಿತ್ರಗಳು ಎಂಥವು!

1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ಐ.ಎನ್.ಎಸ್. ಕದಂಬ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿದ ಸೀಬರ್ಡ್ ನೆಲೆಗಾಗಿ ಕಡಲಂಚಿನ ಕುಟುಂಬಗಳು ಮನೆಮಾರು ಬಿಟ್ಟು ಬಂದವಷ್ಟೆ. ಮಾಸ್ತರರ ಕುಟುಂಬವೂ ಅವುಗಳಲ್ಲೊಂದು. ಬಿಟ್ಟು ಬಂದ ಮನೆಯ ಗುರುತೆಂದರೆ ಒಂದು ಆಲ್ಬಮ್ ಮಾತ್ರ. ಕರಾವಳಿಯ ಮಳೆಗಾಲದ ಬೂಷ್ಟು ಅದನ್ನೂ ತಿನ್ನತೊಡಗಿದಾಗ ಮಾಸ್ತರರು ಒಂದೊಂದು ಪಟವನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿದು, ಕೊಳೆತ ಆಲ್ಬಮನ್ನು ಎಸೆದಿದ್ದರು. ಇನ್ನೊಂದು ಪ್ರತಿ ಮಾಡಿಡಬೇಕೆಂಬ ಯೋಚನೆ ನಾಳೆ ನಾಳೆಯೆಂದು ಉಳಿದೇಹೋಗಿತ್ತು.

ಅಂಕೋಲೆಯಲ್ಲಿ ಕಂಪ್ಯೂಟರು ದುರಸ್ತಿ ಮಾಡುವ ತರುಣನೊಬ್ಬ, ಮಾಸ್ತರರ ಹಳೆಯ ಶಿಷ್ಯ, ಸುದ್ದಿ ತಿಳಿದು ಬಂದ. ಮೊದಲು ಕಾರ್ಡಿನ ಅಂಚಿನ ಪುಟ್ಟ ಕೀಲನ್ನು ಸರಿಸಿ ಬೀಗ ಹಾಕಿದ. "ಇನ್ನು ಒಂದೇ ಒಂದು ಚಿತ್ರವನ್ನೂ ತೆಗೆಯಬೇಡಿ" ಎಂದ. ಮಾಸ್ತರರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿದ: "ಇಂಥ ಕಾರ್ಡಿನಲ್ಲಿ ಅಳಿಸುವುದೆಂದರೆ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮೊದಲಕ್ಷರವನ್ನು ಹೊಡೆದುಹಾಕಿದಂತೆ. ಹುಡುಗ ಇನ್ನೂ ಬೆಂಚಿನ ಮೇಲೇ ಕುಳಿತಿರುತ್ತಾನೆ. ಮತ್ತೊಬ್ಬ ಬಂದು ಆ ಜಾಗದಲ್ಲಿ ಕುಳಿತಾಗಲೇ ಅವನು ನಿಜವಾಗಿ ಹೋದಂತೆ. ಇಂದಿನ ಕೆಲವು ಹೊಸ ಡಿಸ್ಕುಗಳು ಬೆಂಚನ್ನೂ ಕೂಡಲೇ ಒರೆಸಿಬಿಡುತ್ತವೆ. ಇದು ಹಳೆಯ ಕಾರ್ಡಾದದ್ದು ಪುಣ್ಯ."

ತರುಣ ಕಾರ್ಡಿನ ಇಡೀ ಪ್ರತಿಯೊಂದನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಆ ಪ್ರತಿಯ ಮೇಲೆಯೇ ಕೆಲಸ ಆರಂಭಿಸಿದ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ರಚಿಸಿದ, ಉಚಿತವಾಗಿ ದೊರೆಯುವ ಫೋಟೋರೆಕ್ ಎಂಬ ತಂತ್ರಾಂಶ ಹಾಜರಿ ಪುಸ್ತಕವನ್ನು ನೆಚ್ಚುವುದಿಲ್ಲ. ಪ್ರತಿಯೊಂದು ಚಿತ್ರದ ಆರಂಭದಲ್ಲಿರುವ ನಿಶ್ಚಿತ ಗುರುತನ್ನೇ ಹುಡುಕುತ್ತ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ.

ರಾತ್ರಿ ಊಟದ ಹೊತ್ತಿಗೆ ಲೆಕ್ಕ ಸಿಕ್ಕಿತು. 43 ಚಿತ್ರಗಳು ಸಂಪೂರ್ಣ. 9 ಚಿತ್ರಗಳು ಅರೆಬರೆ. ಉಳಿದ 9 ಇಲ್ಲವೇ ಇಲ್ಲ. ಅವುಗಳ ಸ್ಥಾನದಲ್ಲಿ ಟಾಗೋರ್ ಕಡಲತೀರದ ಮಕ್ಕಳು ನಗುತ್ತಿದ್ದರು.

ಅರೆಬರೆ ಚಿತ್ರಗಳಲ್ಲಿ ಹಳೆಯ ಮನೆಯದೂ ಒಂದು. ಮೇಲೆ ಹಂಚಿನ ಮಾಡು, ತೆಂಗಿನ ಗರಿ, ಬಾಗಿಲ ತೋರಣ. ಅದರ ಕೆಳಗೆ ಬರಿಯ ಬೂದು ಬಣ್ಣ. ಅಂಗಳವಿಲ್ಲ, ತುಳಸಿಕಟ್ಟೆಯಿಲ್ಲ, ಕಟ್ಟೆಯ ಬಳಿ ನಿಂತಿದ್ದ, ಈಗ ತೀರಿಕೊಂಡಿರುವ ಮಾಸ್ತರರ ತಂದೆಯೂ ಇಲ್ಲ.

ತರುಣ ಸಂಕೋಚದಿಂದಲೇ ಹೇಳಿದ: "ಕೃತಕ ಬುದ್ಧಿಮತ್ತೆಯಿಂದ ಈ ಕೆಳಭಾಗವನ್ನು ತುಂಬಿಸಬಹುದು. ನೋಡಿದವರಿಗೆ ವ್ಯತ್ಯಾಸವೇ ತಿಳಿಯದು."

ಮಾಸ್ತರರ ಮನಸ್ಸು ಒಂದು ಕ್ಷಣ ತೂಗಾಡಿತು. ಗೋಡೆಗೆ ಇಡೀ ಪಟವನ್ನು ತೂಗುಹಾಕುವ ಆಸೆ ಯಾರಿಗಿಲ್ಲ? ಅವರು ತಾಯಿಯತ್ತ ನೋಡಿದರು. ಎಂಬತ್ತು ದಾಟಿದ ಆಕೆ ಪರದೆಯನ್ನು ಬಹಳ ಹೊತ್ತು ದಿಟ್ಟಿಸಿದರು.

"ಅದಕ್ಕೆ ನಮ್ಮ ಅಂಗಳ ಗೊತ್ತೇ?" ಎಂದು ಕೇಳಿದರು.

"ಇಲ್ಲ ಅಜ್ಜಿ. ಊಹಿಸಿ ಬರೆಯುತ್ತದೆ."

"ಹಾಗಾದರೆ ಬೇಡ. ಇಲ್ಲದ್ದು ಇಲ್ಲವೆಂದೇ ಇರಲಿ. ಯಾರದೋ ಅಂಗಳದಲ್ಲಿ ಯಾರೋ ನಿಂತರೆ, ನಾನು ಸತ್ತ ಮೇಲೆ ಈ ಹುಡುಗ ಅದನ್ನೇ ಅಜ್ಜನೆಂದು ನಂಬುತ್ತಾನೆ."

ಮತ್ತಾರೂ ಮಾತಾಡಲಿಲ್ಲ. ಚಿತ್ರಗಳು ಮರಳಿದ್ದವೇ ಹೊರತು ಅವುಗಳ ಹೆಸರುಗಳು ಮರಳಿರಲಿಲ್ಲ; ಪ್ರತಿಯೊಂದಕ್ಕೂ ಒಂದು ಒಣ ಸಂಖ್ಯೆಯಷ್ಟೇ ಇತ್ತು. ಆಕೆ ಒಂದೊಂದನ್ನೇ ನೋಡಿ ಹೇಳುತ್ತಹೋದರು: ಇದು ಹೊಸ ದೋಣಿ ಇಳಿಸಿದ ದಿನ, ಇವಳು ನಿನ್ನ ಅತ್ತೆ, ಇದು ಬಾವಿಕಟ್ಟೆ. ಹುಡುಗ ಕಣ್ಣೊರೆಸಿಕೊಂಡು ಬರೆಯಲು ಕುಳಿತ. ಮಾಸ್ತರರು ಆ ರಾತ್ರಿಯೇ ಎರಡು ಪ್ರತಿ ಮಾಡಿಸಿ, ಒಂದನ್ನು ಹುಬ್ಬಳ್ಳಿಯ ಮಗಳಿಗೆ ಕಳಿಸಲೆಂದು ಕಟ್ಟಿಟ್ಟರು.

ಬೂದು ಬಣ್ಣದ ಚಿತ್ರದ ಸರದಿ ಬಂದಾಗ ಹುಡುಗ ಲೇಖನಿಯನ್ನೆತ್ತಿ ಮುತ್ತಜ್ಜಿಯ ಮುಖ ನೋಡಿದ.

"ನಮ್ಮ ಮನೆ ಎಂದು ಬರೆ. ಕೆಳಗಿನ ಭಾಗ ನನಗೆ ನೆನಪಿದೆ, ಹೇಳುತ್ತೇನೆ, ಬರೆದುಕೋ" ಎಂದರು ಆಕೆ.