ಹೊಲದ ಚೆಕ್ಕುಬಂದಿ, ಮನೆಯ ಚೆಕ್ಕುಬಂದಿ

ದೇವನಹಳ್ಳಿಯ ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಪತ್ರ ಬರಹಗಾರನಾಗಿ ನಾನು ಕೂತದ್ದು ಎಂಬತ್ತರ ದಶಕದ ಕೊನೆಯಲ್ಲಿ. 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಆಗ ನಮ್ಮ ಕೈಗೆ ಬರುತ್ತಿದ್ದದ್ದು ಬಹುಪಾಲು ಹೊಲ, ತೋಟದ ಕಾಗದ: ಅಣ್ಣತಮ್ಮಂದಿರ ವಿಭಾಗ ಪತ್ರ, ಹೆಣ್ಣುಮಕ್ಕಳ ಹಕ್ಕು ಖುಲಾಸೆ, ಭೋಗ್ಯ, ದಾನಪತ್ರ. ಮನೆಯ ಕ್ರಯಪತ್ರ ಅಪರೂಪ. ನಮ್ಮ ಕಡೆ ಜನ ಮನೆ ಕಟ್ಟುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಕಟ್ಟಿದ ಮನೆ ಮಾರಾಟಕ್ಕಿದೆ ಎಂದರೆ ಯಾರೋ ಸಾಲಕ್ಕೆ ಸಿಕ್ಕಿದ್ದಾರೆ ಎಂದು ಊರು ಮರುಗುತ್ತಿತ್ತು.

ಕ್ರಯಪತ್ರಕ್ಕೆ ಜೀವ ಇರುವುದು ಕೊನೆಯ ಷೆಡ್ಯೂಲಿನಲ್ಲಿ, ಅದರೊಳಗಿನ ಚೆಕ್ಕುಬಂದಿಯಲ್ಲಿ. ಅದನ್ನು ನಾನು ಪಹಣಿ ನೋಡಿ ಬರೆಯುತ್ತಿರಲಿಲ್ಲ, ಮಾರುವವರ ಬಾಯಿಂದಲೇ ಕೇಳಿ ಬರೆಯುತ್ತಿದ್ದೆ. ರೈತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ: “ಬರ್ಕೊಳಿ ಸ್ವಾಮಿ. ಮೂಡಲಿಗೆ ನಮ್ಮ ದೊಡ್ಡಪ್ಪನ ಮಕ್ಕಳ ಹೊಲ, ಪಡುವಲಿಗೆ ಹಳ್ಳ, ಬಡಗಲಿಗೆ ಗಾಡಿದಾರಿ, ತೆಂಕಲಿಗೆ ಚಕ್ಕೋತದ ತೋಟ.” ಹೇಳುವಾಗ ಆ ಬದುಗಳ ಮೇಲೆ ನಡೆಯುತ್ತಿದ್ದಾನೇನೋ ಅನ್ನಿಸುತ್ತಿತ್ತು. ಸಾಕ್ಷಿ ಹಾಕಲು ಬರುತ್ತಿದ್ದವರು ಅದೇ ಬದುವಿನ ಆಚೆ ಈಚೆಯವರು. ಗಾಡಿದಾರಿ ಎಷ್ಟು ಅಗಲ ಎಂಬುದರಲ್ಲಿ ತಕರಾರಿದ್ದರೆ ನನ್ನ ಮೇಜಿನ ಮುಂದೆಯೇ ಕೂಗಾಡಿ, ಟೀ ಕುಡಿದು, ಒಂದು ಮಾತಿಗೆ ಬಂದು ಸಹಿ ಹಾಕುತ್ತಿದ್ದರು. ಆಮೇಲೆ ನಾನು ಕೊನೆಯಲ್ಲಿ ಬಿಕ್ಕಲಂ, ಅಂದರೆ ಪತ್ರ ಬರೆದವರು, ಎಂದು ಬರೆದು ನನ್ನ ಹೆಸರು ಹಾಕುತ್ತಿದ್ದೆ. ಕೊಳ್ಳುವವರ ನಂಬಿಕೆಯೆಲ್ಲ ಆ ಸಾಕ್ಷಿಗಳ ಮೇಲೆ ನಿಂತಿತ್ತು. ಕಾಗದ ಆ ನಂಬಿಕೆಯ ದಾಖಲೆ ಅಷ್ಟೇ.

ಮೊದಲು ಬದಲಾದದ್ದು ಕಾಗದ. 2000ದ ಹೊತ್ತಿಗೆ ಭೂಮಿ ಯೋಜನೆ ಬಂತು. ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿತು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಹೊರಬಿದ್ದ ಮೇಲೆ ಛಾಪಾ ಕಾಗದದ ಕಾಲವೇ ಮುಗಿಯಿತು. ಅದರ ಹಿಂದೆಯೇ ಕಾವೇರಿ ತಂತ್ರಾಂಶ ಬಂದು, ಸಹಿ ಹಾಕುವವರ ಫೋಟೊ ಮತ್ತು ಹೆಬ್ಬೆಟ್ಟು ಯಂತ್ರದೊಳಗೆ ಹೋದವು. ಋಣಭಾರ ಪತ್ರ ಬೇಕಾದರೆ ಸಿಬ್ಬಂದಿ ದಪ್ಪ ದಪ್ಪ ಇಂಡೆಕ್ಸ್ ಪುಸ್ತಕ ತಿರುವಿ ಹಾಕಬೇಕಿದ್ದ ಕೆಲಸ ಕ್ರಮೇಣ ಪರದೆಯ ಮೇಲಾಯಿತು. ಇದರಿಂದ ಒಳ್ಳೆಯದೇ ಆಯಿತು. ಒಂದೇ ಜಮೀನನ್ನು ಇಬ್ಬರಿಗೆ ಮಾರುವವನ ಆಟ ಮೊದಲಿನಷ್ಟು ಸುಲಭವಾಗಿ ನಡೆಯದಂತಾಯಿತು.

ನೆಲ ಬದಲಾದದ್ದು ವಿಮಾನ ನಿಲ್ದಾಣದಿಂದ. ಕಾಮಗಾರಿ ಶುರುವಾದದ್ದು 2005ರಲ್ಲಿ, ವಿಮಾನ ಹಾರಿದ್ದು 2008ರ ಮೇ 24ರಂದು. ಸುಮಾರು ನಾಲ್ಕು ಸಾವಿರ ಎಕರೆ ಅದಕ್ಕೇ ಹೋಯಿತು. ಸುತ್ತಲಿನ ಊರುಗಳಿಗೆ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರ ಎಂಬ ಹೊಸ ಕಚೇರಿ ಬಂತು. ಎಕರೆ, ಗುಂಟೆ ಎನ್ನುತ್ತಿದ್ದ ನಮ್ಮ ಬಾಯಿಗೆ ಚದರಡಿ ಬಂತು. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳು ಒಂದೊಂದಾಗಿ ಇಳಿದು ಅಲ್ಲಿ ಮೂವತ್ತು ನಲವತ್ತರ ಸೈಟಿನ ಬಿಳಿ ಕಲ್ಲುಗಳು ಎದ್ದವು. ಆ ದ್ರಾಕ್ಷಿಗೂ ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಚಕ್ಕೋತದ ಮರಗಳನ್ನು ಈಗ ಹುಡುಕಿಕೊಂಡು ಹೋಗಬೇಕು.

ಹೆಚ್ಚಿನ ಸಂಕಟವನ್ನು ನಾನು ಕಂಡದ್ದು ಆ ವರ್ಷಗಳಲ್ಲೇ. ರೈತನಲ್ಲದವನು ಕೃಷಿ ಜಮೀನು ಕೊಳ್ಳಬಾರದೆಂಬ ಕಾನೂನು ಆಗ ಇನ್ನೂ ಇತ್ತು. ಅದು ಹೋದದ್ದು 2020ರ ತಿದ್ದುಪಡಿಯಲ್ಲಿ. ಹಾಗಾಗಿ ಕೆಲವರು ಭೂಪರಿವರ್ತನೆ ಮಾಡಿಸದೆ, ನಕ್ಷೆಗೆ ಮಂಜೂರಾತಿ ಇಲ್ಲದೆ, ಜಿಪಿಎ ಎಂಬ ಅಧಿಕಾರ ಪತ್ರದ ಮೇಲೆ ರೆವಿನ್ಯೂ ಸೈಟು ಕತ್ತರಿಸಿ ಮಾರಿದರು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಬಸ್ ಕಂಡಕ್ಟರುಗಳು, ನಿವೃತ್ತ ಮೇಷ್ಟ್ರುಗಳು ಚೀಟಿ ದುಡ್ಡು ತಂದು ಕೊಟ್ಟರು. ಪಂಚಾಯಿತಿಯ ಆಸ್ತಿಗೆ ಇ-ಸ್ವತ್ತು ಬಂದು ನಮೂನೆ 9 ಮತ್ತು 11 ಕೇಳತೊಡಗಿದಾಗ ಇವರಲ್ಲಿ ಎಷ್ಟೋ ಜನ ನಿಂತಲ್ಲೇ ನಿಂತರು. ಇನ್ನೂ ಕಷ್ಟದ್ದು ಪಿಟಿಸಿಎಲ್ ಜಮೀನಿನ ಕಥೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಡಿ ಅದು ಮೂಲ ಮಂಜೂರಿದಾರರ ಕುಟುಂಬಕ್ಕೆ ಮರಳುತ್ತದೆ. ಕಾನೂನು ನ್ಯಾಯವಾದದ್ದೇ. ಆದರೆ ಅದನ್ನು ಮುಚ್ಚಿಟ್ಟು ಮಾರಿದವರು ಎಂದೋ ಊರು ಬಿಟ್ಟಿರುತ್ತಾರೆ. ಕೊನೆಗೆ ಎದುರುಬದುರು ನಿಲ್ಲುವವರು ಇಬ್ಬರು ಬಡವರು.

2017ರ ಜುಲೈಯಲ್ಲಿ, ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯಡಿ ರಾಜ್ಯದ ನಿಯಮಗಳು ಬಂದವು. ಕಟ್ಟುವವರು ಕೊಳ್ಳುವವರಿಂದ ಪಡೆದ ಹಣದ ಶೇ 70ನ್ನು ಆ ಯೋಜನೆಯ ಖಾತೆಯಲ್ಲೇ ಇಡಬೇಕು, ನೋಂದಾಯಿತ ಕರಾರು ಇಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು, ಬೆಲೆಯನ್ನು ಕಾರ್ಪೆಟ್ ಏರಿಯಾದ ಮೇಲೆ ಹೇಳಬೇಕು, ಕಟ್ಟಡದ ದೋಷಕ್ಕೆ ಐದು ವರ್ಷ ಹೊಣೆ ಹೊರಬೇಕು. ಇವು ಜನರ ಕೈಗೆ ಸಿಕ್ಕ ದೊಡ್ಡ ಬಲ. ಆದರೂ ನನ್ನ ಮೇಜಿಗೆ ಬರುವ ಎಷ್ಟೋ ಮಂದಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಮಾಡೆಲ್ ಹೌಸಿನ ಅಡುಗೆಮನೆಯ ಗ್ರಾನೈಟ್ ಯಾವುದು, ನಲ್ಲಿ ಯಾವ ಕಂಪನಿಯದು ಎಂಬುದನ್ನು ಬಾಯಿಪಾಠ ಹೇಳುತ್ತಾರೆ. ಸರ್ವೆ ನಂಬರು ಕೇಳಿದರೆ ಫೋನು ತೆಗೆದು ಹುಡುಕುತ್ತಾರೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಗಂಡ ಹೆಂಡತಿ ಒಂದು ವಿಲ್ಲಾದ ಕಾಗದ ತಂದರು. ಮನೆ ಹೆಚ್ಚುಕಡಿಮೆ ಮುಗಿದಿತ್ತು, ಮುಂಗಡ ಇನ್ನೂ ಕೊಟ್ಟಿರಲಿಲ್ಲ. ಹಳೆಯ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಬಿ ಖರಾಬು ಆರು ಗುಂಟೆ ಎಂದಿತ್ತು. ಬಿ ಖರಾಬು ಎಂದರೆ ಸಾರ್ವಜನಿಕರದ್ದು. ದಾರಿಯೋ ಹಳ್ಳವೋ ಇರಬೇಕು. ಗ್ರಾಮ ನಕ್ಷೆ ಹರಡಿದೆ. ಆ ಸರ್ವೆ ನಂಬರಿನ ಮೂಲೆಯಿಂದ ಕೆರೆಯ ಕಡೆಗೆ ಒಂದು ಗೆರೆ ಇಳಿದಿತ್ತು. ಬಿಲ್ಡರ್ ಕೊಟ್ಟ ಬಣ್ಣದ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಆ ಗೆರೆ ಕೊನೆಯ ಸಾಲಿನ ಮನೆಗಳ ಹಿತ್ತಿಲಲ್ಲೇ ಹಾಯುತ್ತಿತ್ತು.

“ಸರ್, ಈ ಹಾಳೆಯಲ್ಲಿ ಅಲ್ಲಿ ಲಾನ್ ಅಂತ ಇದೆಯಲ್ಲ?” ಎಂದರು ಆಕೆ.

“ಲಾನ್ ಈಗ ಹಾಕಿದ್ದು ತಾಯಿ. ಹಳ್ಳ ನಮ್ಮಜ್ಜನ ಕಾಲದ್ದು. ಒಂದು ಮಳೆ ಬಂದರೆ ನೀರಿಗೆ ದಾರಿ ನೆನಪಿರುತ್ತೆ” ಎಂದೆ.

ಅವರು ಅಲ್ಲಿಗೆ ಹೋಗಿ ಪಕ್ಕದ ಹೊಲದ ಯಜಮಾನರನ್ನು ವಿಚಾರಿಸಿದರು. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು ಎಂದು ಆ ಹಿರಿಯರು ಜಾಗ ತೋರಿಸಿದರಂತೆ. ದಂಪತಿ ಪ್ರಾಧಿಕಾರ ಮಂಜೂರು ಮಾಡಿದ ಮೂಲ ನಕ್ಷೆಯನ್ನೇ ಕೇಳಿ ಪಡೆದು, ಆ ಸಾಲು ಬಿಟ್ಟು, ಮೇಲುಭಾಗದ ಮನೆ ಹಿಡಿದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ ಬದಿಯ ದುಬಾರಿ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತಂದದ್ದನ್ನು ಟಿವಿಯಲ್ಲಿ ಕಂಡಾಗ ನನಗೆ ಆ ಗೆರೆಯೇ ಕಣ್ಮುಂದೆ ಬಂತು.

ನೀರು ಹೆಚ್ಚಾಗುವ ಭಯ ಒಂದು ಕಡೆಯಾದರೆ, ಇಲ್ಲದಿರುವ ಭಯ ಇನ್ನೊಂದು ಕಡೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿಲ್ಲ. ಕೊಳವೆ ಬಾವಿ ಸಾವಿರ ಅಡಿ ದಾಟಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಗರದ ಸಂಸ್ಕರಿಸಿದ ನೀರು ನಮ್ಮ ಕೆಲವು ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲಕ್ಕೆ ಆಸರೆಯೇ ಹೊರತು ಕುಡಿಯುವ ನೀರಲ್ಲ. 2024ರ ಬೇಸಿಗೆಯಲ್ಲಿ ಹೊಸ ಬಡಾವಣೆಗಳ ಗೇಟಿನ ಮುಂದೆ ಟ್ಯಾಂಕರುಗಳು ಸಾಲು ನಿಂತಿದ್ದವು. ಈಜುಕೊಳ ಇರುವ ಮನೆಯ ಮಾಲೀಕರು ಕುಡಿಯುವ ನೀರಿಗೆ ಫೋನು ಹಿಡಿದು ಕಾಯುವುದನ್ನು ನಾನು ನೋಡಿದ್ದೇನೆ. ಮನೆ ತೋರಿಸುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನೀರು ಎಲ್ಲಿಂದ?

ಈ ನಡುವೆ ನೆಲ ಬಿಡೆವು ಎಂದವರೂ ನಮ್ಮವರೇ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಕ್ಕೆ ಗುರುತಿಸಿದಾಗ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನ ಕೈಬಿಡುವುದಾಗಿ ಹೇಳಿದರು.  ಸೊಪ್ಪು, ಹೂವು, ಹಾಲು, ರೇಷ್ಮೆ ಕೊಡುವ ಆ ಹೊಲಗಳು ಉಳಿದದ್ದು ಪಕ್ಕದ ಅಪಾರ್ಟ್‌ಮೆಂಟಿನವರಿಗೂ ಒಳ್ಳೆಯದೆಂದೇ ನಾನು ತಿಳಿದಿದ್ದೇನೆ. ಅವರ ಕೊಳವೆ ಬಾವಿಗೆ ಮಳೆನೀರು ಇಂಗುವುದು ಆ ಹೊಲಗಳಲ್ಲಿಯೇ.

ನನ್ನ ಕಸುಬು ಈಗ ಮುಸ್ಸಂಜೆಗೆ ಬಂದಿದೆ. 2023ರಲ್ಲಿ ಬಂದ ಕಾವೇರಿ 2.0ರಲ್ಲಿ ಯಾರು ಬೇಕಾದರೂ ಮನೆಯಲ್ಲೇ ಕೂತು ದಸ್ತಾವೇಜಿನ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಬರಬಹುದು. ಬಿಲ್ಡರ್‌ಗಳ ಕ್ರಯಪತ್ರ ಅವರ ವಕೀಲರ ಕಚೇರಿಯಲ್ಲೇ ತಯಾರಾಗುತ್ತದೆ. ಅದರ ಚೆಕ್ಕುಬಂದಿ ಹೀಗಿರುತ್ತದೆ: ಪೂರ್ವಕ್ಕೆ ಕಾರಿಡಾರ್, ಪಶ್ಚಿಮಕ್ಕೆ ಖಾಲಿ ಜಾಗ, ಉತ್ತರಕ್ಕೆ ಲಿಫ್ಟ್, ದಕ್ಷಿಣಕ್ಕೆ ಪಕ್ಕದ ಫ್ಲಾಟು. ಜೊತೆಗೆ ನೆಲದಲ್ಲಿ ಒಂದಿಷ್ಟು ಚದರಡಿ ಅವಿಭಾಜ್ಯ ಪಾಲು. ಸಾಕ್ಷಿ ಹಾಕುವವರು ಆಫೀಸಿನ ಹುಡುಗರು. ದಿನಕ್ಕೆ ಎಷ್ಟೋ ಪತ್ರಕ್ಕೆ ಹಾಕುತ್ತಾರೆ, ಆ ನೆಲ ನೋಡಿರುವುದಿಲ್ಲ. ಬದುವಿನ ಆಚೆ ಈಚೆಯವರು ನಿಂತು ಕೊಡುತ್ತಿದ್ದ ಭರವಸೆಯನ್ನು ಇಂದು ಕೊಳ್ಳುವವರೇ ದುಡಿದು ಗಳಿಸಿಕೊಳ್ಳಬೇಕು.

ಅದಕ್ಕೆ ದಾರಿ ಇದೆ. ಮೂಲ ಮಂಜೂರಾತಿಯಿಂದ ಇಲ್ಲಿಯವರೆಗಿನ ಪತ್ರಗಳ ಸರಣಿ, ಮ್ಯುಟೇಶನ್, ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ರೇರಾ ನೋಂದಣಿ, ಇ-ಖಾತೆ ಇವನ್ನು ಮುಂಗಡಕ್ಕೆ ಮೊದಲೇ ಕೇಳಿ, ನಿಮ್ಮದೇ ವಕೀಲರಿಂದ ಓದಿಸಿ. ದಿಶಾಂಕ್ ಆ್ಯಪ್ ಹಿಡಿದು ಆ ಜಾಗದಲ್ಲಿ ನಿಂತರೆ ಕಾಲ ಕೆಳಗಿನ ಸರ್ವೆ ನಂಬರು, ಕೆರೆ, ಕಾಲುವೆ ಎಲ್ಲ ಕಾಣುತ್ತದೆ. ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನ ಹೋಗಿ. ಆಮೇಲೆ ಕಾಂಪೌಂಡಿನ ಆಚೆ ಯಾರ ಹೊಲವಿದೆಯೋ ಅವರನ್ನು ಮಾತಾಡಿಸಿ. ಕಾಗದದಲ್ಲಿ ಬರೆಯದ ಸಂಗತಿಗಳು ಅವರಿಗೆ ಗೊತ್ತಿರುತ್ತವೆ. ಮನೆಗೆ ಬಂದ ಮೇಲೂ ಅವರೇ ನಿಮ್ಮ ನೆರೆಯವರು. ಒಂದೇ ಕೆರೆ, ಒಂದೇ ಪಂಚಾಯಿತಿ. ಗ್ರಾಮಸಭೆಯಲ್ಲಿ ಕೆರೆಯ ಹೂಳಿನ ಮಾತು ಬಂದಾಗ ಹೊಸ ಮನೆಗಳವರೂ ಎದ್ದು ನಿಂತು ಮಾತಾಡುವ ದಿನ ಬಂದರೆ, ನಾನು ಇಷ್ಟು ವರ್ಷ ಬರೆದ ಕ್ರಯಪತ್ರಗಳು ಈ ಊರಿಗೆ ಜನರನ್ನೂ ಕೊಟ್ಟವು ಎಂದು ಹೆಮ್ಮೆಪಡುತ್ತೇನೆ.