ಚಾಮರಾಜಪೇಟೆಯಲ್ಲೊಂದು ಹಡಗಿನ ಎಂಜಿನ್ನು

ನಮ್ಮ ದೊಡ್ಡಪ್ಪ ಹಡಗಿನ ಎಂಜಿನ್ ಮಾಡ್ತಿದ್ದಾರೆ ಅಂದ್ರೆ ಆಫೀಸಿನಲ್ಲಿ ಎಲ್ಲರೂ ನನ್ನ ಮುಖ ನೋಡ್ತಾರೆ. ಬೆಂಗಳೂರಿಗೆ ಸಮುದ್ರವೇ ಇಲ್ವಲ್ಲ ಅನ್ನೋದು ಮೊದಲನೇ ಪ್ರಶ್ನೆ. ಎಲ್ಲಿ ಮಾಡ್ತಿದ್ದಾರೆ ಅನ್ನೋದು ಎರಡನೇದು. ಚಾಮರಾಜಪೇಟೆ ಮನೆಯ ಹಿತ್ತಲಲ್ಲಿ, ಮುಂಚೆ ಸೌದೆ ಒಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಅಂತ ನಾನು ಹೇಳಿದ ಮೇಲೆ ಮೂರನೇ ಪ್ರಶ್ನೆ ಬರಲ್ಲ, ನಗು ಬರುತ್ತೆ :)

ಎಂಜಿನ್ ಅಂದ್ರೆ ನಿಜವಾದ ಎಂಜಿನ್ನೇ. ಗಾಜಿನ ಪೆಟ್ಟಿಗೆಯಲ್ಲಿ ಇಡೋ ಗೊಂಬೆ ಅಲ್ಲ. ಒಳಗೆ ಪಿಸ್ಟನ್ ಓಡಬೇಕು, ವಾಲ್ವ್ ತೆಗೆದು ಮುಚ್ಚಬೇಕು, ಮುಂದಕ್ಕೂ ಹಿಂದಕ್ಕೂ ತಿರುಗಬೇಕು. ಆದರೆ ಅಳತೆ ಮಾತ್ರ 24ರಲ್ಲಿ ಒಂದು ಪಾಲು. ಅಂದರೆ ಅಸಲಿನ ಒಂದು ಅಡಿ ಇಲ್ಲಿ ಅರ್ಧ ಇಂಚು.

ಅಸಲು ಯಾವುದು ಅಂತೀರಾ? ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು 'ಲಿಬರ್ಟಿ' ಅನ್ನೋ ಸರಕಿನ ಹಡಗುಗಳನ್ನ ಕಡಲೆಪುರಿ ಹುರಿದ ಹಾಗೆ ಕಟ್ಟಿ ಬಿಸಾಕಿದರು. 1941ರಿಂದ 1945ರೊಳಗೆ 2,710 ಹಡಗು! ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೇ ನಮೂನೆಯ ಉಗಿ ಎಂಜಿನ್. 19 ಅಡಿ ಎತ್ತರ, 21 ಅಡಿ ಉದ್ದ, ಸುಮಾರು 140 ಟನ್ ತೂಕ, 2,500 ಅಶ್ವಶಕ್ತಿ. ನಿಮಿಷಕ್ಕೆ ಬರೀ 76 ಸುತ್ತು. ನಮ್ಮ ನಾಡಿ ಹೊಡ್ಕೊಳ್ಳೋ ಲೆಕ್ಕ ನೋಡಿ ಬೇಕಿದ್ರೆ. 1941ರ ಹೊತ್ತಿಗೇ ಅದು ಹಳೇಕಾಲದ ಎಂಜಿನ್. ಟರ್ಬೈನು, ಡೀಸೆಲ್ಲು ಎಲ್ಲಾ ಬಂದಾಗಿತ್ತು. ಆದರೆ ಅವು ಯುದ್ಧದ ಹಡಗುಗಳಿಗೆ ಬೇಕಾಗಿದ್ದವು. ಈ ಹಳೇ ಎಂಜಿನ್ನಾದರೆ ಒಂದು ಮಟ್ಟದ ಕಾರ್ಖಾನೆ ಇದ್ದವರು ಯಾರು ಬೇಕಾದರೂ ಮಾಡಬಹುದಿತ್ತು. ಜೊತೆಗೆ ಎಲ್ಲಾ ಬಯಲಲ್ಲೇ ಇರುತ್ತೆ, ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ದೊಡ್ಡಪ್ಪ ಇದನ್ನೇ ಆರಿಸಿಕೊಂಡಿದ್ದೂ ಅದಕ್ಕೇ.

ಇದಕ್ಕೆ ಮೂರು ಸಿಲಿಂಡರು, ಟ್ರಿಪಲ್ ಎಕ್ಸ್‌ಪಾನ್ಷನ್ ಅಂತಾರೆ. ಕಬ್ಬಿನ ಹಾಲಿನ ಗಾಣದವನು ಒಂದೇ ಜಲ್ಲೆಯನ್ನ ಮಡಚಿ ಮಡಚಿ ಮತ್ತೆ ತೂರಿಸ್ತಾನಲ್ಲ, ಹಾಗೆ. ಬಾಯ್ಲರಿನಿಂದ ಬಂದ ಉಗಿ ಮೊದಲು 24.5 ಇಂಚು ಅಗಲದ ಸಿಲಿಂಡರಿಗೆ ಹೋಗಿ ತಳ್ಳುತ್ತೆ. ಸ್ವಲ್ಪ ಸುಸ್ತಾದ ಮೇಲೆ 37 ಇಂಚಿನದಕ್ಕೆ. ಪೂರಾ ಸುಸ್ತಾದ ಮೇಲೆ 70 ಇಂಚಿನದಕ್ಕೆ. ಕೊನೆಯದರ ಪಿಸ್ಟನ್ ಮೊದಲಿನದಕ್ಕಿಂತ ಎಂಟು ಪಟ್ಟು ದೊಡ್ಡದು. ಉಗಿಯ ಕಸುವು ಕಮ್ಮಿಯಾದಷ್ಟೂ ಅದು ತಳ್ಳೋ ಜಾಗ ಹೆಚ್ಚಾಗಬೇಕು, ಅಷ್ಟೇ ಲೆಕ್ಕ. 1881ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದ 'ಅಬರ್ಡೀನ್' ಅನ್ನೋ ಹಡಗಿನಲ್ಲಿ ಈ ಏರ್ಪಾಡು ಚೆನ್ನಾಗಿ ನಡೆದ ಮೇಲೆ ಎಲ್ಲರೂ ಅದನ್ನೇ ಹಿಡಿದರು. ನಮ್ಮ ಚಾಮರಾಜಪೇಟೆ ಬಡಾವಣೆ ಆಗಿದ್ದು 1892ರಲ್ಲಿ. ಹೆಚ್ಚು ಕಮ್ಮಿ ಓರಗೆಯವರು!

ಅಂದ್ಹಾಗೆ ಬೆಂಗಳೂರಿಗೂ ಉಗಿಗೂ ನಂಟಿಲ್ಲ ಅನ್ಕೋಬೇಡಿ. 1896ರ ಹೊತ್ತಿಗೆ ಹೆಸರಘಟ್ಟದ ಕೆರೆ ನೀರು ಸೋಲದೇವನಹಳ್ಳಿಗೆ ತಾನಾಗಿ ಹರಿದು ಬಂದು, ಅಲ್ಲಿಂದ ಉಗಿಯಂತ್ರದ ಬಲದಲ್ಲಿ ಮಲ್ಲೇಶ್ವರದ ಕಡೆಗೆ ಏರುತ್ತಿತ್ತು. ಕರೆಂಟು ಬಂದಿದ್ದು ಆಮೇಲೆ, 1905ರಲ್ಲಿ. ಅಂದರೆ ನಮ್ಮೂರಿನ ಮೊದಮೊದಲ ನಲ್ಲಿ ನೀರು ಉಗಿಯ ಪ್ರಸಾದ.

ಈಗ ದೊಡ್ಡಪ್ಪನ ವಿಷಯ. ಜಾಲಹಳ್ಳಿಯ ಎಚ್.ಎಂ.ಟಿ.ಯಲ್ಲಿ ಟರ್ನರ್ ಆಗಿದ್ದರು, 34 ವರ್ಷ. ಬೆಳಿಗ್ಗೆ ಕತ್ತಲಲ್ಲೇ ಫ್ಯಾಕ್ಟರಿ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದದ್ದು, ಕೈಯಲ್ಲಿ ಕೀ ಕೊಡೋ 'ಜನತಾ' ವಾಚು, ಟಿಫನ್ ಕ್ಯಾರಿಯರು, ಇಷ್ಟು ನನಗೆ ನೆನಪಿದೆ. ಅಲ್ಲಿ ಅವರದು ಲೇತಿನ ಸ್ಪಿಂಡಲ್ ಮಾಡೋ ವಿಭಾಗ. "ಯಂತ್ರ ಮಾಡೋ ಯಂತ್ರಾನ ಮಾಡಿದ್ವಿ ಕಣೇ. ಅದನ್ನ ತಗೊಂಡು ಹೋದೋರು ಏನು ಮಾಡಿದ್ರು ಅಂತ ನಾವು ನೋಡ್ಲೇ ಇಲ್ಲ" ಅಂತ ಒಂದ್ಸಲ ಹೇಳಿದ್ದರು. ಬೇಜಾರಿನಿಂದೇನೂ ಹೇಳಿದ್ದಲ್ಲ. ಕಾಫಿಗೆ ಸಕ್ಕರೆ ಕಮ್ಮಿ ಅನ್ನೋ ದನಿಯಲ್ಲೇ ಹೇಳಿದ್ದು.

ಕೊಟ್ಟಿಗೆಯಲ್ಲಿರೋ ಲೇತು ಮಾತ್ರ ಎಚ್.ಎಂ.ಟಿ.ದಲ್ಲ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯದು. 1941ರಲ್ಲಿ ಶುರುವಾದ ಆ ಕಂಪನಿ ಈಗಿಲ್ಲ, ಅದರ ಲೇತುಗಳು ಊರೂರಲ್ಲಿ ಇನ್ನೂ ತಿರುಗುತ್ತಿವೆ. ರಾಜಾಜಿನಗರದಲ್ಲಿ ಯಾರೋ ವರ್ಕ್‌ಶಾಪ್ ಮುಚ್ಚುವಾಗ 1994ರಲ್ಲಿ ದೊಡ್ಡಪ್ಪ ಕೊಂಡಿದ್ದು. ಎತ್ತಿನಗಾಡಿಯಷ್ಟು ಜಾಗ ತಿನ್ನುತ್ತೆ, ಅರ್ಧ ಟನ್ನಿಗೂ ಮೇಲೆ ತೂಗುತ್ತೆ. ದೊಡ್ಡಮ್ಮ ಅದಕ್ಕೆ ಇಟ್ಟಿರೋ ಹೆಸರು 'ಸವತಿ'.

2018ರಲ್ಲಿ ಅಣ್ಣ (ದೊಡ್ಡಪ್ಪನ ಮಗ) ಇಬ್ಬರನ್ನೂ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡಿದ್ದ. ಸ್ಯಾನ್ ಫ್ರಾನ್ಸಿಸ್ಕೋದ ದಡದಲ್ಲಿ 'ಜೆರೆಮೈಯಾ ಓಬ್ರಿಯನ್' ಅಂತ ಒಂದು ಲಿಬರ್ಟಿ ಹಡಗು ಇನ್ನೂ ಜೀವಂತವಾಗಿದೆ. 1943ರಲ್ಲಿ ನೀರಿಗಿಳಿದಿದ್ದು, 1944ರಲ್ಲಿ ನಾರ್ಮಂಡಿಗೆ ಹೋಗಿ ಬಂದಿದ್ದು, ಮತ್ತೆ 50 ವರ್ಷದ ನೆನಪಿಗೆ 1994ರಲ್ಲಿ ಅದೇ ಎಂಜಿನ್ನಲ್ಲಿ ಅಲ್ಲಿಗೇ ಹೋಗಿ ಬಂತು. ಆಗಾಗ ದಡದಲ್ಲೇ ಬಾಯ್ಲರ್ ಹೊತ್ತಿಸಿ ಎಂಜಿನ್ ಓಡಿಸಿ ತೋರಿಸ್ತಾರೆ. ಟೈಟಾನಿಕ್ ಸಿನಿಮಾದ ಎಂಜಿನ್ ರೂಮಿನ ದೃಶ್ಯಗಳನ್ನೂ ಇಲ್ಲೇ ತೆಗೆದಿದ್ದು. ದೊಡ್ಡಪ್ಪ ಈಗ ಆ ಸಿನಿಮಾ ನೋಡೋ ರೀತಿ ನೋಡ್ಬೇಕು ನೀವು. ಹೀರೋ ಹೀರೋಯಿನ್ ಬಂದ ಕೂಡಲೇ ಫಾರ್ವರ್ಡ್!

ಅವತ್ತು ಎಲ್ಲರೂ ಮೇಲೆ ಡೆಕ್ಕಿನಲ್ಲಿ ಫೋಟೋ ತೆಗೆಸಿಕೊಳ್ತಿದ್ದರೆ ಇವರು ಕಬ್ಬಿಣದ ಏಣಿ ಇಳಿದು ಹೋದವರು ಮೂರು ಗಂಟೆ ಹೊತ್ತು ಮೇಲೆ ಬರಲಿಲ್ಲವಂತೆ. ಕೆಳಗೆ ಒಬ್ಬ ಮುದುಕರು, ಅಲ್ಲಿನ ಸ್ವಯಂಸೇವಕರು, ಎಣ್ಣೆ ಕ್ಯಾನು ಹಿಡಿದುಕೊಂಡು ನಿಂತಿದ್ದರಂತೆ. ತಿರುಗುತ್ತಿರೋ ಕ್ರ್ಯಾಂಕು ಮೇಲೆ ಬಂದಾಗಲೆಲ್ಲ ಅದರ ಜೊತೆಗೇ ಕೈ ಆಡಿಸಿ, ಅಂಗೈಯಲ್ಲಿ ಬೇರಿಂಗನ್ನ ಸವರಿ, ಬಿಸಿ ಆಗಿದೆಯಾ ನೋಡೋದು. ತಾಳ ತಪ್ಪಿದರೆ ಕೈ ಹೋಯ್ತು. ದೊಡ್ಡಪ್ಪ ಇದನ್ನ ಹೇಳುವಾಗ ಕುರ್ಚಿಯಲ್ಲಿ ಕೂತೇ ಕೈ ಆಡಿಸ್ತಾರೆ, ತಪ್ಪದೆ ಅದೇ ಲಯದಲ್ಲಿ. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಚಾಕಲೇಟಿನ ಜೊತೆ ಎರಡು ನೋಟ್‌ಬುಕ್ಕು ತುಂಬ ಅಳತೆ, ಚಿತ್ರ.

2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಆ ಹಡಗು ನಿಂತಿದ್ದ ಜಾಗದ ಗೋದಾಮಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ದೋಣಿಯವರು ನೀರು ಹೊಡೆದು ಹಡಗನ್ನ ಉಳಿಸಿದರು. ಅವತ್ತು ದೊಡ್ಡಪ್ಪ ಅಣ್ಣನಿಗೆ ನಾಲ್ಕು ಸಲ ಫೋನ್ ಮಾಡಿದ್ದರಂತೆ. "ನಾನು ಹುಷಾರಾಗಿದೀನಾ ಅಂತ ಒಂದ್ಸಲಾನೂ ಕೇಳ್ಲಿಲ್ಲ ನೋಡು" ಅಂತ ಅಣ್ಣ ನನ್ನ ಹತ್ತಿರ ಹೇಳಿಕೊಂಡ. ನಗ್ತಾನೇ ಹೇಳಿದ, ಆದ್ರೂ...

ಕಿರಿದು ಮಾಡೋದು ಅಂದ್ರೆ ಎಲ್ಲಾನೂ 24ರಿಂದ ಭಾಗಿಸಿದರೆ ಆಯ್ತು ಅಂತ ನಾನು ತಿಳಿದಿದ್ದೆ. ಉದ್ದಕ್ಕೆ ಸರಿ. 70 ಇಂಚಿನ ಸಿಲಿಂಡರು 74 ಮಿ.ಮೀ. ಆಗುತ್ತೆ. ಆದರೆ ತೂಕ 24ನ್ನ ಮೂರು ಸಲ ಗುಣಿಸಿದಷ್ಟು ಪಟ್ಟು, ಅಂದರೆ 13,824 ಪಟ್ಟು ಇಳಿಯುತ್ತೆ. 140 ಟನ್ ಹೋಗಿ 10 ಕಿಲೋ, ಒಂದು ಸಣ್ಣ ಅಕ್ಕಿ ಮೂಟೆ. ಬೋಲ್ಟುಗಳು ಅಕ್ಕಿ ನುಚ್ಚಿನಷ್ಟು. ಉಗಿಯಂತೂ ಈ ಲೆಕ್ಕಕ್ಕೆ ಬಗ್ಗೋದೇ ಇಲ್ಲ. ಸಣ್ಣ ಲೋಟದ ಕಾಫಿ ಬೇಗ ಆರುತ್ತಲ್ಲ, ಹಾಗೇ ಸಣ್ಣ ಸಿಲಿಂಡರಿನಲ್ಲಿ ಉಗಿ ಗೋಡೆಗೆ ತಾಗಿದ ಕೂಡಲೇ ನೀರಾಗಿಬಿಡುತ್ತೆ. ಎರಡು ಸಿಲಿಂಡರು ದಾಟೋ ಹೊತ್ತಿಗೆ ಮೂರನೆಯದಕ್ಕೆ ಹೆಚ್ಚೇನೂ ಉಳಿದಿರಲ್ಲ. ಅದು ದುಡಿಯೋ ಬದಲು ಮಿಕ್ಕೆರಡರ ಮೇಲೆ ಹೊರೆಯಾಗಿ ಕೂರಬಹುದು. ಹಾಗಿದ್ರೆ ಯಾಕೆ ಮಾಡ್ಬೇಕು ಅಂದೆ. "ಮನೇಲಿ ಮೂರು ಜನ ಇದ್ರೆ ಮೂರು ಜನಾನೂ ದುಡೀತಾರೇನೇ?" ಅಂದರು.

ಎಲ್ಲಕ್ಕಿಂತ ಕಷ್ಟದ್ದು ಕ್ರ್ಯಾಂಕ್ ಶಾಫ್ಟು. ಒಂದು ನೇರ ಸರಳು, ಅದರಲ್ಲಿ ಮೂರು ಕಡೆ ಮೊಣಕೈ ಮಡಚಿದ ಹಾಗೆ ಮೂರು ಕ್ರ್ಯಾಂಕು, ಒಂದಕ್ಕೊಂದು 120 ಡಿಗ್ರಿ. ದಪ್ಪ ಉಕ್ಕಿನ ದಿಮ್ಮಿಯಿಂದ ಇಡಿಯಾಗಿ ಕಡೆದು ತೆಗೀಬಹುದು, ಆದರೆ ಮುಕ್ಕಾಲು ಪಾಲು ಉಕ್ಕು ಪುಡಿಯಾಗಿ ಹೋಗುತ್ತೆ. ದೊಡ್ಡಪ್ಪ ಜೋಡಿಸೋ ದಾರಿ ಹಿಡಿದರು. ಆರು ಚಪ್ಪಟೆ ತುಂಡುಗಳನ್ನ ಒಟ್ಟಿಗೇ ಬೋಲ್ಟ್ ಮಾಡಿ ತೂತು ಕೊರೆದು ರೀಮರ್ ಹಾಕಿದ್ದು. 14 ಮಿ.ಮೀ. ಸರಳನ್ನ ಆರರೊಳಗೂ ತೂರಿಸಿ, ಎರಡೆರಡರ ನಡುವೆ ಒಂದೊಂದು ಪಿನ್ನು. 120 ಡಿಗ್ರಿಗೆ ಅವರ ಹತ್ತಿರ ದುಬಾರಿ ಸಾಧನ ಏನಿಲ್ಲ. ಲೇತಿನ ಚಕ್ಕಿಗೆ ಮೂರು ದವಡೆ ಇರುತ್ತಲ್ಲ, ಒಂದೊಂದೇ ದವಡೆ ಕೆಳಗೆ ಒಂದೇ ಎತ್ತರದ ತುಂಡು ಕೊಟ್ಟು ನಿಲ್ಲಿಸಿದರೆ ಸುತ್ತು ಮೂರು ಸಮಪಾಲಾಗುತ್ತೆ. ಮೂರು ಕ್ರ್ಯಾಂಕನ್ನೂ ಹಾಗೇ ಹೊಂದಿಸಿ, ಜರುಗದ ಹಾಗೆ ಅಡ್ಡ ಮೊಳೆ ಬಡಿದರು.

ಇಲ್ಲಿಂದ ನಾನು ಕಥೆಯೊಳಗೆ ಬರ್ತೀನಿ. ದೊಡ್ಡಪ್ಪನಿಗೆ ಗ್ಲಾಕೋಮಾ. ಪಕ್ಕದ ನೋಟ ಹೋಗಿದೆ, ನಡುವಿನದೂ ಮಸುಕು. ಲೇತನ್ನ ಕೈಯಲ್ಲೇ ನಡೆಸ್ತಾರೆ. ಟೂಲು ಹೇಗೆ ಕತ್ತರಿಸ್ತಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತೆ. ಆದರೆ ಗೀಟು ಓದೋಕೆ ಆಗಲ್ಲ. ಹಾಗಾಗಿ ಎರಡು ವರ್ಷದಿಂದ ಪ್ರತಿ ಶನಿವಾರ ನಾನು ಬಸವನಗುಡಿಯಿಂದ ಹೋಗಿ ಮೈಕ್ರೋಮೀಟರು, ಡಯಲ್ ಗೇಜು ಓದಿ ಹೇಳ್ತೀನಿ. ಸಾಫ್ಟ್‌ವೇರ್ ಟೆಸ್ಟರ್ ಕೆಲಸಕ್ಕಿಂತ ಇದು ಎಷ್ಟೋ ವಾಸಿ. ಇಲ್ಲಿ ತಪ್ಪು ಇದೆ ಅಂದ್ರೆ ಯಾರೂ ವಾದ ಮಾಡಲ್ಲ.

ಬೆಸುಗೆ ದಿನ ನಗರ್ತಪೇಟೆಯ ಒಬ್ಬ ಅಕ್ಕಸಾಲಿಗರು ಬಂದಿದ್ದರು, ದೊಡ್ಡಪ್ಪನ ಹಳೇ ಸ್ನೇಹಿತರು. ಬಿಳಿಗಾರ ಬಳಿದು, ಉಕ್ಕು ಮಂದ ಕೆಂಪಾಗೋವರೆಗೆ ಕಾಯಿಸಿ, ಬೆಳ್ಳಿ ಬೆಸುಗೆ ಮುಟ್ಟಿಸಿದರೆ ಸಂದಿಯೊಳಗೆ ಸರ್ರನೆ ಓಡಿ ಹೋಗುತ್ತೆ. "ಮಾಂಗಲ್ಯಕ್ಕೂ ಇಷ್ಟು ಬೆವರಿರ್ಲಿಲ್ಲ ಮಾರಾಯ" ಅಂದರು ಅವರು. ಆಮೇಲೆ ಎದೆ ಹೊಡ್ಕೊಳ್ಳೋ ಕೆಲಸ. ಕ್ರ್ಯಾಂಕು ತಿರುಗೋ ಜಾಗದಲ್ಲಿ ಅಡ್ಡ ಇರೋ ಸರಳಿನ ಮೂರು ತುಂಡನ್ನ ಗರಗಸದಲ್ಲಿ ಕೊಯ್ದು ತೆಗೀಬೇಕು. ಬಿಸಿಯಲ್ಲಿ ಒಳಗೆ ಬಿಗಿತ ಕೂತಿದ್ದರೆ ಕೊಯ್ದ ಕೂಡಲೇ ಶಾಫ್ಟು ಬಾಗುತ್ತೆ. ನಾಲ್ಕು ತಿಂಗಳ ಕೆಲಸ ಗುಜರಿಗೆ.

ಮೂರನೇ ತುಂಡು ಟಣ್ ಅಂತ ತಟ್ಟೆಗೆ ಬಿತ್ತು. ಎರಡು ಸೆಂಟರಿನ ನಡುವೆ ಶಾಫ್ಟು ಕೂರಿಸಿ, ಗೇಜು ಮುಟ್ಟಿಸಿ, ದೊಡ್ಡಪ್ಪ ನಿಧಾನ ತಿರುಗಿಸಿದರು. ಮುಳ್ಳು ಎರಡು ಗೀಟು ಆಡಿತು. ನೂರರಲ್ಲಿ ಎರಡು ಮಿಲಿಮೀಟರು. ಹೇಳಿದೆ. "ಇನ್ನೊಂದ್ಸಲ ನೋಡು" ಅಂದರು. ಎರಡೇ. ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ತುಂಬ ಹೊತ್ತು ಒರೆಸಿದರು, ಮಾತಾಡಲಿಲ್ಲ.

ಇಷ್ಟರ ನಡುವೆ ಮನೆಯ ಗಲಾಟೆ. ಮನೆ ತಾತನದು, ಮೂರು ಜನ ಅಣ್ಣತಮ್ಮಂದಿರಿಗೆ ಸೇರಿದ್ದು. ಒಡೆದು ಫ್ಲ್ಯಾಟ್ ಕಟ್ಟಿಸೋಕೆ ಬಿಲ್ಡರ್ ಜೊತೆ ಕರಾರಾಗಿದೆ. ನಮ್ಮಪ್ಪನದೂ ಸಹಿ ಇದೆ. ಅಪ್ಪನನ್ನ ನಾನು ಬೈಯೋ ಹಾಗಿಲ್ಲ. ಮಾಳಿಗೆ ಸೋರುತ್ತೆ, ತೊಲೆಗೆ ಗೆದ್ದಲು ಹಿಡಿದಿದೆ, ರಿಪೇರಿಗೆ ಯಾರ ಹತ್ತಿರವೂ ದುಡ್ಡಿಲ್ಲ. ದೊಡ್ಡಪ್ಪನ ಪಾಲಿಗೆ ಎರಡನೇ ಮಹಡಿ. ಅಲ್ಲಿಗೆ ಲೇತು ಹತ್ತಲ್ಲ. ಅಣ್ಣ ಅಲ್ಲಿಂದ ಫೋನ್ ಮಾಡಿ, ಅಪ್ಪನಿಗೆ ನೀನೇ ಹೇಳು, ನಿನ್ನ ಮಾತು ಕೇಳ್ತಾರೆ, ಲೇತು ಮಾರಿ ಇಲ್ಲಿಗೆ ಬರಲಿ ಅಂದ. ಅವನ ಸಂಕಟ ಅವನಿಗೆ. ಕಣ್ಣು ಮಂಜಾದ ಅಪ್ಪ ತಿರುಗೋ ಚಕ್ಕಿನ ಮುಂದೆ ನಿಂತಿದ್ದಾರೆ ಅಂದ್ರೆ ಮಗನಿಗೆ ನಿದ್ದೆ ಹೇಗೆ ಬರಬೇಕು? ನಾನು ಹೇಳಲಿಲ್ಲ. ಹೇಳಲ್ಲ ಅಂತ ಅವನಿಗೇ ಹೇಳಿದೆ. ಮೂರು ವಾರ ಮಾತು ಬಿಟ್ಟಿದ್ದ.

ಗುಜರಿಯವನು ಬಂದು ಲೇತು ನೋಡಿ ಕಿಲೋ ಲೆಕ್ಕದಲ್ಲಿ ರೇಟು ಹೇಳಿದ. ದೊಡ್ಡಪ್ಪ ಸುಮ್ಮನಿದ್ದರು. ಒಳಗಿಂದ ದೊಡ್ಡಮ್ಮ ಬಂದು, "ಸವತಿ ಆದ್ರೂ ಮೂವತ್ತು ವರ್ಷ ಜೊತೇಲಿದ್ದಾಳೆ. ತೂಕಕ್ಕೆ ಮಾರೋಕೆ ನಾನು ಬಿಡಲ್ಲ" ಅಂದುಬಿಟ್ಟರು. ಅವನು ಯಾರ ಮುಖ ನೋಡೋದು ಅಂತ ಗೊತ್ತಾಗದೆ ಹೊರಟುಹೋದ.

ಸದ್ಯಕ್ಕೆ ಕ್ರ್ಯಾಂಕ್ ಶಾಫ್ಟು ಎಣ್ಣೆ ಬಟ್ಟೆ ಸುತ್ತಿಕೊಂಡು ದೊಡ್ಡಮ್ಮನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಕೆಳಗೆ. ಎರಡು ಸಿಲಿಂಡರು ಮುಗಿದಿವೆ. ಮೂರನೇದು, ಆ ದೊಡ್ಡದು, ಪೇಟೆಯಲ್ಲಿ ಗಂಟೆ ಎರಕ ಹೊಯ್ಯೋರ ಹತ್ತಿರ ಗನ್ ಮೆಟಲಿನಲ್ಲಿ ಮಾಡಿಸಿದ್ದು. ಒಳಗೆ ಕೊರೆಯುವಾಗ ಮೂರನೇ ಸುತ್ತಿಗೆ ಬಟಾಣಿ ಗಾತ್ರದ ಗಾಳಿಗುಳ್ಳೆ ಬಾಯಿಬಿಟ್ಟಿತು. ಮತ್ತೆ ಹೊಯ್ಯಿಸಬೇಕು. ವಾಲ್ವ್ ಗೇರು, ಕಂಡೆನ್ಸರು ಇನ್ನೂ ಕಾಗದದ ಮೇಲೇ ಇವೆ. ಆಷಾಢದಲ್ಲಿ ಮನೆ ಖಾಲಿ ಮಾಡಲ್ಲ ಅಂತ ದೊಡ್ಡಮ್ಮ ಪಟ್ಟು ಹಿಡಿದಿದ್ದಕ್ಕೆ ಒಂದು ತಿಂಗಳು ಹೆಚ್ಚಿಗೆ ಸಿಕ್ಕಿದೆ. ಶ್ರಾವಣದಲ್ಲಿ ಬಿಡಲೇಬೇಕು.

ಹಾಗಾಗಿ ನಿಮ್ಮಲ್ಲೊಂದು ಕೋರಿಕೆ. ಚಾಮರಾಜಪೇಟೆ, ಬಸವನಗುಡಿ, ಶಂಕರಪುರ, ಹನುಮಂತನಗರದ ಕಡೆ ನೆಲದ ಮಟ್ಟದಲ್ಲಿ 10 ಅಡಿಗೆ 12 ಅಡಿ ಜಾಗ ಬಾಡಿಗೆಗೆ ಇದ್ರೆ ತಿಳಿಸಿ. ಗ್ಯಾರೇಜ್ ಆದ್ರೂ ಸರಿ. ನೆಲ ಗಟ್ಟಿ ಇರಬೇಕು, ತ್ರೀ ಫೇಸ್ ಕರೆಂಟು ಬೇಕು. ಸದ್ದು ಅಷ್ಟೇನೂ ಬರಲ್ಲ, ಶನಿವಾರ ಸ್ವಲ್ಪ ಜಾಸ್ತಿ. ಮಲ್ಲೇಶ್ವರ ಆದರೂ ನಡೆಯುತ್ತೆ, ಆದರೆ ದೊಡ್ಡಪ್ಪನಿಗೆ ಎರಡು ಬಸ್ಸು ಹತ್ತಿ ಇಳಿಯೋದು ಕಷ್ಟ.